ಎಡಗಡೆಯ ಮಡಕೆ

18 ನವೆಂಬರ್ 2006

ಮಗಳು ಮಂಚಮ್ಮ ಬಂದಳು. ಚಾಮರಾಜನಗರದ ಬಸ್ಸಿನಿಂದ ಇಳಿದವಳ ಒಂದು ಕೈಯಲ್ಲಿ ಸೂಟ್‌ಕೇಸು, ಕಂಕುಳಲ್ಲಿ ಗೋಣಿತಾಟು ಸುತ್ತಿದ ಎರಡು ಮಡಕೆ. ಮೂವತ್ತಾರು ವರ್ಷದ ಹೆಂಗಸು, ಹೆಸರಿನ ಮುಂದೆ ಡಾಕ್ಟರ್ ಎಂದು ಬರೆಸಿಕೊಳ್ಳುವವಳು, ಬೆಂಗಳೂರಿನಿಂದ ಮಡಕೆ ಹೊತ್ತುಕೊಂಡು ಬಂದರೆ ದೊಡ್ಡಗಾಜನೂರಿನಲ್ಲಿ ಯಾರು ಸುಮ್ಮನಿರುತ್ತಾರೆ? ಹೊಲದ ಕೆಲಸದ ಪುಟ್ಟಿ ಅಂಗಳದಲ್ಲಿಯೇ ಕೇಳಿದಳು.

"ಅವ್ವಾರೆ, ಬೆಂಗ್ಳೂರಲ್ಲಿ ಈಗ ಸಂಬಳಕ್ಕ ಮಡಕ ಕೊಟ್ಟರಾ?"

"ನಾಳಿಂದ ನಿನ್ಗೂ ಅದನ್ನೇ ಕೊಡ್ತೀನಿ. ಓಗು, ದನ ಕಟ್ಟು" ಎಂದೆ.

ಎಷ್ಟು ದಿನದ ರಜೆ ಎಂದು ಮಂಚಮ್ಮನನ್ನು ಕೇಳಿದೆ. ಗೊತ್ತಿಲ್ಲ ಎಂದಳು. ಯಾವಾಗಲೂ ಇಳಿದ ಕೂಡಲೇ ವಾಪಸ್ ಹೋಗುವ ಬಸ್ಸಿನ ಹೊತ್ತು ಹೇಳುತ್ತಿದ್ದವಳು. ಒಳ್ಳೆಯದಾಯಿತು. ಇಷ್ಟು ವರ್ಷ ಅವಳ ಹಟ ನಡೆಯಿತು, ಇನ್ನು ನನ್ನದು. ಈ ಸಲ ಇವಳನ್ನು ವಾಪಸ್ ಕಳಿಸುವುದಿಲ್ಲ. ನಾಳೆ ನಾನೇ ಮೆತ್ತಗಾದರೆ ತೆಗೆದು ನೋಡಲು ಇಲ್ಲಿ ಬರೆದಿಟ್ಟಿದ್ದೇನೆ.

20 ನವೆಂಬರ್

ಇವತ್ತು ಬಾಯಿ ಬಿಟ್ಟಳು. ನಾನು ಬಿಡಿಸಿದೆ ಎನ್ನಬೇಕು.

ಇವಳ ಕೆಲಸ ಏನೆಂದು ಊರಿನವರು ಕೇಳಿದರೆ "ಧೂಳು ಮಾಡುವ ಕೆಲಸ" ಎನ್ನುತ್ತೇನೆ. ಬೆಳ್ಳಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಮಾಡುತ್ತಾರಂತೆ. ಎಷ್ಟು ಸಣ್ಣದು ಎಂದು ಹಿಂದೊಮ್ಮೆ ಕೇಳಿದ್ದೆ. ಅಂಗೈ ಮೇಲೆ ಒಂದು ರಾಗಿ ಕಾಳು ಇಟ್ಟು, "ನನ್ನ ಚೂರು ಈ ಕಾಳಿನಷ್ಟು ದಪ್ಪ ಇದ್ದಿದ್ರೆ, ಈ ಕಾಳು ಜೀರಹಳ್ಳಿ ಕಡೆ ಕಾಣ್ತದಲ್ಲ ಆ ಬೆಟ್ಟದಷ್ಟು ಇರ್ತಿತ್ತು ಅವ್ವ" ಎಂದಿದ್ದಳು. ನ್ಯಾನೋ ಎನ್ನುತ್ತಾರೆ. ತಾಳವಾಡಿಯ ಕನ್ನಡ ಶಾಲೆಯಲ್ಲಿ ಓದಿದವಳು ಅವಳ ಸಂಸ್ಥೆಗೆ ಆ ವಿದ್ಯೆ ತಂದ ಮೊದಲನೆಯವಳು. ಅದಕ್ಕೆ ಅಲ್ಲಿ ಕೋಣೆಯೇ ಇರಲಿಲ್ಲ. ಮುರಿದ ಕುರ್ಚಿ ತುಂಬಿದ್ದ ಉಗ್ರಾಣವನ್ನು ಇವಳೇ ಗುಡಿಸಿ ಮೊದಲ ಯಂತ್ರ ಜೋಡಿಸಿದಳು. ಮಂಚಮ್ಮ ಎಂಬ ಹೆಸರು ಕೇಳಿ ನಕ್ಕು, ಬದಲಾಯಿಸಿಕೊ ಎಂದರಂತೆ. ಅದು ನನ್ನ ಅತ್ತೆಯ ಹೆಸರು. ಬದಲಾಯಿಸಿದ್ದರೆ ಈ ಹೊಸಿಲು ತುಳಿಯಲು ಬಿಡುತ್ತಿರಲಿಲ್ಲ.

ಈಗ ಆಗಿರುವುದು ಇದು. ಮಡಕೆಯ ಒಳಮೈಗೆ ಆ ಬೆಳ್ಳಿ ಚೂರು ಬಳಿದರೆ ಕೆಟ್ಟ ನೀರು ಜಿನುಗಿ ಒಳ್ಳೆಯ ನೀರಾಗುತ್ತದೆ ಎಂದು ಇವಳು ಕಂಡುಹಿಡಿದಳು. ಪತ್ರಿಕೆಯಲ್ಲಿ ಪಟ ಬಂತು. ಫೆಬ್ರವರಿಯಲ್ಲಿ ಮಂತ್ರಿ ಬಂದು ಆ ಮಡಕೆಯನ್ನು ಹಳ್ಳಿಗಳಿಗೆ ಹಂಚಲಿದ್ದಾರೆ. ಇವಳು ವೇದಿಕೆ ಮೇಲೆ ನಿಂತು "ಇದು ಒಂದು ವರ್ಷ ಬಾಳುತ್ತದೆ" ಎಂದು ಹೇಳಬೇಕು. ಹೇಳಿದರೆ ಹೊಸ ಕಟ್ಟಡ, ಅದಕ್ಕೆ ಇವಳೇ ಮುಖ್ಯಸ್ಥೆ. ಆದರೆ ಇತ್ತೀಚೆಗೆ ಇವಳಿಗೇ ಅನುಮಾನ ಬಂದಿದೆ. ಉಪ್ಪಿನ ಅಂಶದ ನೀರು ಹೊಯ್ದರೆ ಬೆಳ್ಳಿ ಬೇಗ ತೊಳೆದುಹೋಗುತ್ತದೇನೋ ಎಂದು. ಸ್ವಲ್ಪ ತಡೆಯಿರಿ ಎಂದಳಂತೆ. ಸಂಸ್ಥೆಯ ದೊಡ್ಡವರು, ಊರಿಗೆ ಹೋಗಿ ಯೋಚನೆ ಮಾಡಿಕೊಂಡು ಬಾ, ವೇದಿಕೆ ಮೇಲೆ ನಿಲ್ಲದಿದ್ದರೆ ನಿನ್ನ ವಿಭಾಗ ಮುಚ್ಚುತ್ತೇವೆ ಎಂದರಂತೆ.

"ನಿಂತ್ಕಂಡು ಬಂದ್ರಾಯ್ತು. ನಿಲ್ಲೋಕೇನು ಕಷ್ಟ?" ಎಂದೆ.

"ಸುಳ್ಳಾದ್ರೆ ಅವ್ವ?"

"ಸುಳ್ಳು ಅಂತ ಗೊತ್ತಾ ನಿನ್ಗೆ?"

"ಗೊತ್ತಿಲ್ಲ. ಅದ್ಕೇ ಮಡಕೆ ತಂದಿರೋದು."

ನನ್ನ ಲೆಕ್ಕ ಬೇರೆ. ಮಡಕೆ ಸುಳ್ಳಾಗಲಿ. ಇವಳು ಮನೆಯಲ್ಲಿ ಉಳಿಯಲಿ.

24 ನವೆಂಬರ್

ಜಗುಲಿಯ ಮೇಲೆ ಎರಡು ಮಡಕೆ ಕೂರಿಸಿದ್ದಾಳೆ. ಎಡಗಡೆಯದಕ್ಕೆ ಬೆಳ್ಳಿ ಬಳಿದಿದೆ, ಬಲಗಡೆಯದು ಬರೀ ಮಣ್ಣು. ಎರಡಕ್ಕೂ ನಮ್ಮ ಬಾವಿಯ ನೀರು, ಅದರಲ್ಲಿ ಉಪ್ಪಿನ ಅಂಶ ಇದೆಯಂತೆ. ಕೆಳಗೆ ಜಿನುಗಿದ ನೀರನ್ನು ಔಷಧಿ ಹಾಕಿದ ಸಣ್ಣ ಬಾಟಲಿಗೆ ತುಂಬಿ ಇಡಬೇಕು. ನೀರು ಕೆಟ್ಟದ್ದಾದರೆ ಬಾಟಲಿ ಕಪ್ಪಾಗುತ್ತದೆ.

ಇವತ್ತು ಎದ್ದು ನೋಡಿದರೆ ಬಲಗಡೆಯ ಬಾಟಲಿ ಇದ್ದಿಲಿನ ಹಾಗಿತ್ತು. ಎಡಗಡೆಯದು ತಿಳಿಯಾಗಿತ್ತು.

ಆ ಬಾವಿಯನ್ನು ನನ್ನ ಮಾವನವರು ತೋಡಿಸಿದರು. ನಾನು ಮದುವೆಯಾಗಿ ಬಂದ ದಿನದಿಂದ ಅದೇ ನೀರು ಕುಡಿದಿದ್ದೇನೆ, ಇವಳನ್ನು ಹೆತ್ತದ್ದೂ ಅದೇ ನೀರು ಕುಡಿದು. ಯಾವುದೋ ಔಷಧಿ ಬಂದು ನಮ್ಮ ಬಾವಿಗೆ ಹೆಸರಿಡುವುದೇ?

"ಬಾಟ್ಲಿ ನೀನು ಸರ್ಯಾಗಿ ತೊಳ್ದಿಲ್ಲ" ಎಂದೆ.

"ನೀನೇ ತೊಳ್ದು ನೋಡವ್ವ."

ತೊಳೆದೆ. ಬಿಸಿನೀರಿನಲ್ಲಿ, ಅವಳು ಹೇಳಿದ ಹಾಗೆಯೇ. ನೀರನ್ನೂ ನಾನೇ ಸೇದಿ ಹೊಯ್ದೆ. ನಾಳೆ ನೋಡೋಣ.

26 ನವೆಂಬರ್

ಕಪ್ಪು.

2 ಡಿಸೆಂಬರ್

ಮೈದುನ ರಂಗಸ್ವಾಮಿ ಬಂದಿದ್ದ. ನನ್ನ ಯಜಮಾನರು ಹೋದ ಮೇಲೆ ಕಣದಲ್ಲಿ ನಮ್ಮ ರಾಶಿ ಅಳೆಯುವವನು ಅವನೇ. ಹೆಂಗಸು ರಾಶಿ ಅಳೆದರೆ ಹುಲುಸು ಹೋಗುತ್ತದೆ ಎಂದು ನಮ್ಮ ಕಡೆಯ ಮಾತು. ಬಿತ್ತಿಸುವುದು ನಾನು, ಕೊಯ್ಲು ಮಾಡಿಸುವುದು ನಾನು, ಅಳೆಯುವ ಕೊಳಗ ಮಾತ್ರ ಅವನ ಕೈಗೆ. ಆ ಒಂದು ದಿನ ಅವನ ಎದೆ ಕಣದಗಲ ಆಗುತ್ತದೆ.

ಒಂದು ಸಂಬಂಧ ತಂದಿದ್ದಾನೆ. ಗೆಟ್ಟವಾಡಿಯ ಮಹದೇವಸ್ವಾಮಿ, ದಿನಾ ಚಾಮರಾಜನಗರಕ್ಕೆ ಓಡಾಡುವ ಹೈಸ್ಕೂಲು ಮೇಷ್ಟ್ರು. ಹೆಂಡತಿ ತೀರಿಕೊಂಡಿದ್ದಾಳೆ. ಮಕ್ಕಳಿಲ್ಲ. ವಯಸ್ಸೂ ಸರಿಹೊಂದುತ್ತದೆ.

ರಂಗಸ್ವಾಮಿ ಜಗುಲಿಯ ಮಡಕೆಗಳನ್ನು ನೋಡಿ, "ಅತ್ತಿಗಮ್ಮ, ಒಂದ್ ಮಾತು ಏಳ್ತೀನಿ. ಮಂತ್ರಿ ಪಕ್ಕ ನಿಲ್ಲೋ ಯೋಗ ಯಾರ್ಗ್ ಬತ್ತದ? ನಿಂತ್ಕಂಡು, ನಮ್ಮೂರ ರಸ್ತೆಗ ಒಂದು ಅರ್ಜಿ ಕೊಟ್ಟು ಬರ್ಲಿ. ಆಮೇಲೆ ಮದ್ವ ಮಾಡುವ" ಎಂದ.

"ಆ ಮಂತ್ರಿ ಕರ್ನಾಟಕದವ್ನು ಕಣಪ್ಪ. ನಮ್ಮ ರಸ್ತೆ ತಮಿಳ್ನಾಡುದು."

"ಔದಲ್ಲ" ಎಂದು ಕಾಫಿ ಕುಡಿದ.

ಎಡಗಡೆಯ ಬಾಟಲಿ ಇನ್ನೂ ತಿಳಿಯಾಗಿದೆ. ಬೆಳಿಗ್ಗೆ ಸಂಜೆ ನೀರು ಹೊಯ್ಯುವುದು ನನ್ನ ಪಾಲಿಗೇ ಬಿದ್ದಿದೆ. ಆಳುಗಳಿಗೆ ಬಿಟ್ಟರೆ ಒಂದಕ್ಕೆ ಹೆಚ್ಚು ಹೊಯ್ದು ಇನ್ನೊಂದಕ್ಕೆ ಕಡಿಮೆ ಮಾಡುತ್ತಾರೆ.

13 ಡಿಸೆಂಬರ್

ರಾಗಿ ಕೊಯ್ಲು ಮುಗಿದು ಮೆದೆ ಹಾಕಿಸಿದೆ. ಆನೆ ಬಾರದಂತೆ ಕಾಯಲು ಆಳು ಕರಿಯನನ್ನು ಹೊಲದಲ್ಲಿ ಮಲಗಿಸಿದ್ದೇನೆ. ಸೊಂಟ ನೋವು. ಬಾಟಲಿ ತಿಳಿ.

23 ಡಿಸೆಂಬರ್

ಮಹದೇವಸ್ವಾಮಿ ಬಂದು ಹೋದರು. ಮರ್ಯಾದಸ್ಥ. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಲಿಲ್ಲ, ಉಪ್ಪಿಟ್ಟು ಬಿಡಲಿಲ್ಲ. ಮಂಚಮ್ಮನ ಮುಂದೆಯೇ ಮಾತಾಡಿದರು.

"ನೀವು ಬೇಕಾದ್ರೆ ನಮ್ಮ ಸ್ಕೂಲಲ್ಲೇ ವಿಜ್ಞಾನ ಪಾಠ ಮಾಡಬೋದು. ಐಕ್ಳು ನಿಮ್ಮಂತೋರ್ನ ಕಂಡೇ ಇಲ್ಲ."

"ಮೈಕ್ರೋಸ್ಕೋಪ್ ಅದಾ?"

"ಅದ. ಬೀರುವಿನಲ್ಲದ."

"ಮಕ್ಕಳು ನೋಡ್ತಾರಾ?"

ಮೇಷ್ಟ್ರು ಲೋಟ ಕೆಳಗಿಟ್ಟರು. "ಬೀಗದ ಕೈ ಕ್ಲರ್ಕ್ ಅತ್ರ ಅದ. ಒಡ್ದೋದಾತು ಅಂತ ತಗಿಯಲ್ಲ ಅವ."

ಇವಳು ನಕ್ಕುಬಿಟ್ಟಳು. ಬಂದ ಮೇಲೆ ಮೊದಲ ಸಲ ನಕ್ಕದ್ದು. ಅವರೂ ನಕ್ಕರು. ಎಲ್ಲ ಚೆನ್ನಾಗಿಯೇ ಆಯಿತು. ಅವರು ಹೋದ ಮೇಲೆ, ಏನು ಹೇಳುತ್ತೀಯ ಎಂದು ಕೇಳಿದೆ.

"ಒಳ್ಳೇವ್ರು ಅವ್ವ. ಎಡಗಡೆ ಬಾಟಲಿ ಕಪ್ಪಾದ್ರೆ ಮದ್ವೆ ಆಗ್ತೀನಿ" ಎಂದಳು. ಮನೆಯೊಳಗೆ ಹೋಗಿಬಿಟ್ಟಳು.

ನನಗೆ ಬೇಕಾದ ಮಾತು ಅದೇ. ಆದರೂ ಹೀಗೆ ಹೇಳಬಾರದಿತ್ತು. ನನ್ನ ಮಗಳು ಸೋತರೆ ಮಾತ್ರ ಹಿಡಿಯುವ ಮನೆಯೇ ಗೆಟ್ಟವಾಡಿಯ ಮನೆ?

4 ಜನವರಿ 2007

ಎಡಗಡೆಯ ಬಾಟಲಿ ಕಪ್ಪಾಗಿದೆ.

ಮೊದಲು ಕಂಡವಳು ನಾನು. ಪುಟ್ಟಿಯನ್ನು ಕರೆದು, ಯಾವಳು ಮುಟ್ಟಿದಳು ಇದನ್ನು, ಕೈ ತೊಳೆಯದೆ ಯಾವಳು ಮುಟ್ಟಿದಳು ಎಂದು ಕೂಗಿದೆ.

"ನಾವ್ ಮುಟ್ಟಾದುಂಟಾ ಅವ್ವಾರೆ? ಕೊಡ ತಗಂಡು ಅದ್ರ ಅಕ್ಕಪಕ್ಕ ಓಡಾಡಿದ್ರ ಕಾಲು ಮುರಿತೀನಿ ಅಂದಿಲ್ವಾ ನೀವು? ದೇವ್ರ ಗೂಡ್ಗೂ ಇಷ್ಟು ಮಡಿ ಮಾಡ್ನಿಲ್ಲ ನೀವು" ಎಂದಳು. ಬಾಯಿ ಜಾಸ್ತಿ ಅವಳಿಗೆ.

ಬಾಟಲಿಯನ್ನು ಚೆಲ್ಲಿ ತೊಳೆದು ಬೇರೆ ತುಂಬಿಸಿದೆ. ತಪ್ಪು ನಮ್ಮದಿರಬಹುದು. ಇನ್ನೊಮ್ಮೆ ನೋಡದೆ ಯಾವುದನ್ನೂ ಒಪ್ಪುವವಳಲ್ಲ ನಾನು.

6 ಜನವರಿ

ಕಪ್ಪು. ಮಂಚಮ್ಮ ನೀರು ಚೆನ್ನಾಗಿ ಕಾಯಿಸಿ ತಣಿಸಿ ಮೂರನೆಯ ಬಾಟಲಿಗೆ ತುಂಬಿಟ್ಟಿದ್ದಳು. ಅದು ತಿಳಿ. ಆದ್ದರಿಂದ ಔಷಧಿ ಸರಿಯಾಗಿದೆ, ಬಾಟಲಿ ಸರಿಯಾಗಿದೆ. ಬೆಳ್ಳಿಯೇ ತೊಳೆದುಹೋಗಿದೆ.

ಮಂಚಮ್ಮ ಆ ಕಪ್ಪು ಬಾಟಲಿಯನ್ನು ಬೆಳಕಿಗೆ ಹಿಡಿದಳು. "ಒಂದು ವರ್ಷ ಅಂತ ಬರೆದಿದ್ದೆ ಅವ್ವ. ಎರಡು ತಿಂಗಳೂ ಆಗಲಿಲ್ಲ. ಯಾವುದಾದ್ರೂ ತಾಯಿ ಇದನ್ನ ನಂಬಿ ಮಗೂಗೆ ಕುಡಿಸಿದ್ರೆ?"

ನಾನು ಬಯಸಿದ್ದು ಆಗಿದೆ. ಮೈದುನನಿಗೆ ಹೇಳಿ ಕಳಿಸಬೇಕು, ಗೆಟ್ಟವಾಡಿಗೆ ಮಾತು ಕೊಡಬೇಕು. ಊಟ ಸೇರಲಿಲ್ಲ. ಹುಳಿಗೆ ಉಪ್ಪು ಹೆಚ್ಚಾಗಿತ್ತು.

9 ಜನವರಿ

ಮೈದುನನಿಗೆ ಹೇಳಿ ಕಳಿಸಲು ಪುರುಸೊತ್ತಾಗಲಿಲ್ಲ. ಕಣ ಸಾರಿಸಬೇಕು.

20 ಜನವರಿ

ಊರವರೆಲ್ಲ ರಾಗಿ ತೆನೆಯನ್ನು ಟಾರು ರಸ್ತೆಗೆ ಹಾಸುತ್ತಾರೆ, ಬಸ್ಸು ಲಾರಿ ಹರಿದು ಒಕ್ಕಣೆಯಾಗುತ್ತದೆ. ಜಲ್ಲಿ, ಟೈರಿನ ವಾಸನೆ, ಎಲ್ಲ ಸೇರಿ ಅವರ ಮುದ್ದೆಯಲ್ಲಿರುತ್ತವೆ. ನಾನು ಬಿಡುವುದಿಲ್ಲ. ಸಗಣಿ ಸಾರಿಸಿದ ಕಣ, ಎತ್ತು ಎಳೆಯುವ ಕಲ್ಲಿನ ಗುಂಡು. ನಗುವವರು ನಗಲಿ.

ಮಂಚಮ್ಮ ಬೆಳಿಗ್ಗೆಯಿಂದ ಎತ್ತಿನ ಹಿಂದೆ ಸುತ್ತಿದಳು. ಬೆಂಗಳೂರಿನಿಂದ ಎರಡು ಸಲ ಫೋನು ಬಂತು. ಎತ್ತಲಿಲ್ಲ. ಎಡಗಡೆಯ ಮಡಕೆ ಕೆಟ್ಟಿದೆ ಎಂದು ಗೊತ್ತಿದ್ದೂ ನಾನು ನೀರು ಹೊಯ್ಯುವುದನ್ನು ನಿಲ್ಲಿಸಿಲ್ಲ. ಕೈಗೆ ಅಭ್ಯಾಸವಾಗಿದೆ, ಅಷ್ಟೇ.

27 ಜನವರಿ

ಇವತ್ತು ರಾಶಿ ಅಳೆದೆವು. ಎಲ್ಲವನ್ನೂ ಬರೆಯುತ್ತೇನೆ, ಏಕೆಂದರೆ ನಾಳೆ ರಂಗಸ್ವಾಮಿ ಊರಿನಲ್ಲಿ ಬೇರೆ ಕಥೆ ಹೇಳುತ್ತಾನೆ.

ತೂರಿದ ರಾಗಿ ಕಣದ ನಡುವೆ ರಾಶಿಯಾಗಿತ್ತು. ಸುತ್ತ ಬೂದಿಯ ಗೆರೆ, ಮೇಲೆ ಸಗಣಿಯ ಬೆನಕ, ತುಂಬೆ ಹೂವು. ಕಣಕ್ಕೆ ಚಪ್ಪಲಿ ಮೆಟ್ಟಿ ಯಾರೂ ಬರುವಂತಿಲ್ಲ. ಅಳೆಯುವವನು ಎಣಿಕೆ ಬಿಟ್ಟು ಬೇರೆ ಮಾತು ಆಡುವಂತಿಲ್ಲ. ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಲಾಭ, ಎರಡು, ಮೂರು ಎಂದು ರಂಗಸ್ವಾಮಿ ಶುರು ಮಾಡಿದ. ಕರಿಯ ಚೀಲ ಹಿಡಿದಿದ್ದ.

ಅಷ್ಟರಲ್ಲಿ ಒಂದು ಬಿಳಿ ಕಾರು ಬಂತು. ಇಳಿದವನು ಮೂವತ್ತರ ಆಸುಪಾಸಿನ ಹುಡುಗ, ಇಸ್ತ್ರಿ ಅಂಗಿ, ಹೊಳೆಯುವ ಬೂಟು. ಬೂದಿ ಗೆರೆ ದಾಟಿ ನೆಟ್ಟಗೆ ರಾಶಿಯ ಹತ್ತಿರವೇ ಬಂದು, "ಡಾಕ್ಟರ್ ಮಂಚಮ್ಮ ಮೇಡಂ ಮನೆ ಇದೇನಾ ಸರ್? ನಾನು ಯೋಗೇಶ್, ಅವರ ಲ್ಯಾಬಲ್ಲಿ ಕೆಲಸ ಮಾಡ್ತೀನಿ" ಎಂದು ರಂಗಸ್ವಾಮಿಗೆ ಕೈ ಚಾಚಿದ.

ಕಾರು, ಬೂಟು, ಸರ್ ಎಂಬ ಮಾತು. ರಂಗಸ್ವಾಮಿ ಕೊಳಗ ಹಿಡಿದುಕೊಂಡೇ ಎದ್ದು, "ಬನ್ನಿ ಬನ್ನಿ ಸಾರ್, ನಾನು ಅವ್ಳ ಚಿಕ್ಕಪ್ಪ" ಎಂದುಬಿಟ್ಟ.

"ಅಯ್ಯೋ, ಮಾತಾಡ್ಬುಟ್ರು!" ಎಂದಳು ಪುಟ್ಟಿ.

ಎಲ್ಲರೂ ನಿಂತರು. ರಂಗಸ್ವಾಮಿ ನಾಲಿಗೆ ಕಚ್ಚಿಕೊಂಡ. "ಅನ್ನೊಂದಾಗಿತ್ತು. ಮುಂದ್ಕ ಅನ್ನೆರಡು. ಇಡ್ಕಳ್ಳಾ ಚೀಲವ."

"ಒಂಬತ್ತು ಕಣ್ ಬುದ್ಧಿ" ಎಂದ ಕರಿಯ.

"ನಾನು ಅಳ್ದೋನು ಏಳ್ತಾವ್ನಿ, ಅನ್ನೊಂದು!"

"ಸುರೀರಿ ವಾಪಸ್" ಎಂದೆ.

"ಅತ್ತಿಗಮ್ಮ, ಒಂದೆರಡು ಕೊಳಗ ಎಚ್ಚುಕಮ್ಮಿ ಆದ್ರ ಲೋಕ ಮುಳ್ಗೋಯ್ತದಾ? ನಮ್ಮ ರಾಗಿ ನಮ್ಮ ಮನ್ಗೆ ತಾನೆ ಓಗಾದು? ಅನ್ನೊಂದು ಅಂದ್ಕಂಡ್ರ ಅನ್ನೊಂದು."

"ಲೋಕ ಮುಳ್ಗಲ್ಲ. ಗೊತ್ತಿಲ್ದೆ ಇರಾದ್ನ ಗೊತ್ತು ಅಂತ ನಮ್ಮ ಕಣದಲ್ಲಿ ಏಳ್ಬೇಡ. ಸುರಿ ಕರಿಯ."

ಕರಿಯ ಸುರಿದ. ರಂಗಸ್ವಾಮಿ ಬಂದವನ ಮುಂದೆ ಮುಖ ಹೋಯಿತೆಂದು ಕೊಳಗವನ್ನು ನೆಲಕ್ಕಿಟ್ಟು, "ಅಳಸ್ಕಳಿ ಅಂಗಾರೆ, ಯಾರ್ ಬತ್ತರ ನೋಡ್ತೀನಿ" ಎಂದು ಟವಲು ಕೊಡವಿಕೊಂಡು ಬೇವಿನ ಮರದ ಕೆಳಗೆ ಹೋಗಿ ನಿಂತ.

ಮಂಚಮ್ಮ ಮನೆಯಿಂದ ಬಂದು ಗೆರೆಯ ಆಚೆ ನಿಂತಿದ್ದಳು. ಬರಿಗಾಲು. ನಾನು ಕೊಳಗ ಎತ್ತಿ ಅವಳ ಕೈಗೆ ಕೊಟ್ಟೆ. "ಅಳಿ."

ಪುಟ್ಟಿ, "ಎಂಗ್ಸು ಅಳ್ದ್ರ ಉಲುಸು ಓಯ್ತದಲ್ಲ ಅವ್ವಾರೆ" ಎಂದಳು, ಮೆಲ್ಲಗೆ.

"ಓದ್ರ ನನ್ನ ಮನೇದು ಓಯ್ತದ."

ಇಷ್ಟು ಬರೆದ ಮೇಲೆ ಇದನ್ನೂ ಬರೆಯಬೇಕು. ಅವಳ ಕೈಗೆ ಕೊಟ್ಟದ್ದು ಬೇರೆ ಯಾವ ಕಾರಣಕ್ಕೂ ಅಲ್ಲ. ಅಲ್ಲಿದ್ದವರಲ್ಲಿ ಆ ಕೈಯಷ್ಟು ನಂಬುವ ಕೈ ನನಗೆ ಬೇರೆ ಕಾಣಲಿಲ್ಲ.

ಅವಳು ಮಂಡಿಯೂರಿ ಕೂತು ರಾಶಿಗೆ ಕೈ ಮುಗಿದಳು. "ಲಾಭ" ಎಂದಳು. ಕೊಳಗದ ಬಾಯಿಯನ್ನು ಅಂಗೈಯಲ್ಲಿ ಸವರಿ ಸಮ ಮಾಡಿ ಚೀಲಕ್ಕೆ ಸುರಿದಳು. ಆ ಹುಡುಗ ಅಷ್ಟರಲ್ಲಿ ತಪ್ಪು ತಿಳಿದು ಬೂಟು ಕಳಚಿ ಕೈಯಲ್ಲಿ ಹಿಡಿದಿದ್ದ. ತಡೆಯಲಾರದೆ, "ಮೇಡಂ, ಹದಿನೈದನೇ ತಾರೀಖು ಫಂಕ್ಷನ್ನು..." ಎಂದ.

"ಸುಮ್ಕಿರಿ ಸಾಮಿ!" ಪುಟ್ಟಿ ಅವನ ತೋಳು ಹಿಡಿದು ಎಳೆದಳು. "ಅವ್ರು ತುಟಿ ಬಿಚ್ಚಿದ್ರ ಮತ್ತ ಮೊದ್ಲಿಂದ್ಲೇ. ನೀವೇ ತಾನೆ ಮಾಡಿದ್ದು, ಬನ್ನಿ, ಈ ಚೀಲ ಇಡ್ಕಳಿ."

ಹಿಡಿದುಕೊಂಡ. ಇಸ್ತ್ರಿ ಅಂಗಿಯ ತುಂಬ ಹೊಟ್ಟು. ರಾಶಿ ಮುಗಿಯುವವರೆಗೆ ಅವನಿಗೆ ಬೇರೆ ದಾರಿ ಇರಲಿಲ್ಲ.

ಕೊನೆಯ ಕೊಳಗ ಅರ್ಧ ಬಂತು. ಅವಳು ಅರ್ಧ ಎಂದೇ ಹೇಳಿದಳು, ಒತ್ತಿ ಏರಿಸಲಿಲ್ಲ.

ಊಟಕ್ಕೆ ಕೂತಾಗ ಯೋಗೇಶ್ ತಲೆ ತಗ್ಗಿಸಿಕೊಂಡು ಹೇಳಿದ. "ಮೇಡಂ, ನೀವು ಬರಲಿಲ್ಲ ಅಂದ್ರೆ ವಿಭಾಗ ಮುಚ್ತಾರೆ. ನಂದೂ ಹೋಗುತ್ತೆ. ಮನೇಲಿ ಮಗು ಇದೆ. ಸುಮ್ಮನೆ ಬಂದು ನಿಂತ್ಕೊಳ್ಳಿ, ಮಾತು ಬೇರೆಯವರು ಆಡ್ತಾರೆ."

ಕೆಟ್ಟ ಹುಡುಗನಲ್ಲ. ಎರಡು ಮುದ್ದೆ ಉಂಡ. ಮಂಚಮ್ಮ ಎದ್ದು ಹೋಗಿ ಕಪ್ಪು ಬಾಟಲಿ ತಂದು ಅವನ ಎಲೆಯ ಪಕ್ಕ ಇಟ್ಟಳು.

"ಬಾವಿ ನೀರು, ನಮ್ಮ ಮಡಕೆ. ಡಿಸೆಂಬರ್ ಪೂರ್ತಿ ತಡೀತು, ಜನವರೀಲಿ ಕೈಕೊಟ್ಟಿತು. ನಿನ್ನ ಮಗೂಗೆ ಇದನ್ನ ಕುಡಿಸ್ತೀಯಾ?"

ಅವನು ಬಾಟಲಿಯನ್ನು ಎಲೆಯಿಂದ ದೂರ ಸರಿಸಿದ.

"ನಾಳೆ ಬರ್ತೀನಿ. ನಿಲ್ಲೋಕಲ್ಲ, ಹೇಳೋಕೆ."

"ಕಾರಲ್ಲೇ ಬನ್ನಿ ಮೇಡಂ, ಈಗಲೇ..."

"ಬಸ್ಸಿದೆ" ಎಂದೆ ನಾನು.

28 ಜನವರಿ

ಬೆಳಗಿನ ಬಸ್ಸಿಗೆ ಹತ್ತಿಸಿದೆ. ಮಡಿಲಲ್ಲಿ ಬಾಟಲಿಗಳ ಪೆಟ್ಟಿಗೆ. ಮಡಕೆಗಳನ್ನು ಇಲ್ಲೇ ಬಿಟ್ಟಿದ್ದಾಳೆ.

"ಏನಾಗ್ತದೋ ಅವ್ವ. ಕೆಲ್ಸ ಹೋಗಬೋದು."

"ಓದ್ರೆ ಓಯ್ತದ. ತಲೆ ಎತ್ತಿ ಮಾತಾಡು. ಸೀರೆ ಸೆರಗು ಸರಿ ಮಾಡ್ಕ."

"ಗೆಟ್ಟವಾಡಿಯವ್ರಿಗೆ ಮಾತು ಕೊಟ್ಟಿದ್ದೆ. ಬಾಟಲಿ ಕಪ್ಪಾದ್ರೆ ಅಂತ."

"ಮಾತು ನನ್ಗೆ ಕೊಟ್ಟಿದ್ದು, ಅವ್ರ್ಗಲ್ಲ. ನಾನು ಇಸ್ಕಳ್ನಿಲ್ಲ" ಎಂದೆ.

ಬಸ್ಸು ಹೊರಟಿತು. ರಂಗಸ್ವಾಮಿ ಎದುರು ಸಿಕ್ಕಿ ಮುಖ ತಿರುಗಿಸಿದ. ತಿರುಗಿಸಲಿ, ಕುತ್ತಿಗೆ ಅವನದೇ.

17 ಫೆಬ್ರವರಿ

ಫೋನು ಮಾಡಿದ್ದಳು. ಸಭೆಯಲ್ಲಿ ಬಾಟಲಿಗಳನ್ನು ಸಾಲಾಗಿ ಇಟ್ಟು ಹೇಳಿದಳಂತೆ. ಮಂತ್ರಿಯ ಕಾರ್ಯಕ್ರಮ ನಿಂತಿತು. ಹೊಸ ಕಟ್ಟಡವೂ ನಿಂತಿತು. ಇವಳ ದೊಡ್ಡ ಕೋಣೆಯನ್ನು ಬೇರೆಯವರಿಗೆ ಕೊಟ್ಟು, ಇವಳನ್ನು ಮೊದಲಿನ ಉಗ್ರಾಣಕ್ಕೆ ಕಳಿಸಿದ್ದಾರೆ. ಕೆಲಸದವರು ಇಬ್ಬರು ಬಿಟ್ಟು ಹೋದರು. ಯೋಗೇಶ್ ಬೈದುಕೊಂಡೇ ಇವಳ ಜೊತೆ ಉಳಿದಿದ್ದಾನೆ.

"ಬೇಜಾರಾ?" ಎಂದೆ.

"ಮತ್ತೆ ಗುಡಿಸ್ತಾ ಇದ್ದೀನಿ ಅವ್ವ. ಅದೇ ಕುರ್ಚಿಗಳು ಇನ್ನೂ ಅವೆ" ಎಂದು ನಕ್ಕಳು. ಮೇಲೆ ಬಳಿದದ್ದು ತೊಳೆದುಹೋಗುತ್ತದೆ, ಈ ಸಲ ಬೆಳ್ಳಿಯನ್ನು ಮಣ್ಣಿನಲ್ಲಿಯೇ ಕಲಸಿ ಸುಟ್ಟು ನೋಡುತ್ತಾಳಂತೆ.

ಮಹದೇವಸ್ವಾಮಿಯವರಿಗೆ ಹೇಳಿ ಕಳಿಸಿದೆ. ನನ್ನ ಮಗಳಿಗೆ ಕೆಲಸವಿದೆ, ಅದು ಮುಗಿಯುವ ಕೆಲಸವಲ್ಲ ಎಂದು. ನಾನು ಮೊದಲಿನಿಂದಲೂ ಹೇಳುತ್ತಿದ್ದುದು ಅದನ್ನೇ. ಬೀರುವಿನ ಬೀಗ ಒಡೆಸಿ ಮಕ್ಕಳಿಗೆ ಮೈಕ್ರೋಸ್ಕೋಪು ತೋರಿಸಿ ಎಂದೂ ಹೇಳಿಸಿದೆ.

2 ಮಾರ್ಚ್

ಚಾಮರಾಜನಗರದ ಬಸ್ಸಿನ ಕಂಡಕ್ಟರು ಒಂದು ಗೋಣಿಗಂಟು ಇಳಿಸಿ ಹೋದ. ಹೊಸ ಮಡಕೆ, ಹುಲ್ಲಿನಲ್ಲಿ ಸುತ್ತಿದ್ದು, ಜೊತೆಗೆ ಬಾಟಲಿಗಳು. ಬಣ್ಣ ಕೊಂಚ ಕಂದು.

ಹಳೆಯ ಎಡಗಡೆಯ ಮಡಕೆ ಇಳಿಸಿ, ಆ ಜಾಗದಲ್ಲಿ ಇದನ್ನು ಕೂರಿಸಿದೆ. ರಂಗಸ್ವಾಮಿ ಹಾದು ಹೋಗುತ್ತಿದ್ದವನು ತಡೆಯಲಾರದೆ ನಿಂತು, "ಮತ್ತೆ ಧೂಳಿನ ಮಡಕ ಬಂತಾ?" ಎಂದ.

"ಧೂಳಲ್ಲ ಕಣಪ್ಪ, ನ್ಯಾನೋ. ರಾಗಿ ಕಾಳು ಬೆಟ್ಟ ಅನ್ಕೊ, ಆಗ ಅದು ಕಾಳು" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಒಂದು ಸಲಕ್ಕೆ ಆಗುವುದೂ ಇಲ್ಲ.

ಪುಟ್ಟಿ ಕೊಡ ತಂದುಕೊಟ್ಟಳು. ಕೈ ತೊಳೆದುಕೊಂಡೇ ತಂದಿದ್ದಳು, ನಾನು ಕೇಳುವ ಮೊದಲೇ ಎರಡೂ ಅಂಗೈ ತೋರಿಸಿದಳು.

"ಇದೂ ಕಪ್ಪಾದ್ರೆ ಅವ್ವಾರೆ?"

"ಇನ್ನೊಂದು ಕಳಿಸ್ತಾಳೆ. ನಾನೆಲ್ಲಿ ಓಯ್ತೀನಿ? ಈಗ ಮಾತಾಡ್ಸಬೇಡ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಡ ಎತ್ತಿದೆ. ಲಾಭ ಎಂದು ಹೊಯ್ದೆ.